ಹತ್ತು ನಿಮಿಷದ ದಾರಿ

ಮನೆ ಮನೆಗೆ ಹೋಗಿ ನಾವು ಮಾಡುತ್ತಿದ್ದ ಸಮೀಕ್ಷೆಯ ಫಾರಂನಲ್ಲಿ ನಾಲ್ಕನೇ ಪ್ರಶ್ನೆ ಹೀಗಿತ್ತು: ‘ನಿಮ್ಮ ಮನೆಯಿಂದ ಹತ್ತಿರದ ಪಾರ್ಕಿಗೋ ಕೆರೆಗೋ ನಡೆದು ಹೋಗಲು ಎಷ್ಟು ನಿಮಿಷ ಬೇಕು?’

ಮೈಸೂರಿನ ಎನ್.ಆರ್. ಮೊಹಲ್ಲಾದ ಒಂದು ಗಲ್ಲಿಯಲ್ಲಿ, ಹೊಸ್ತಿಲ ಹತ್ತಿರ ಬೆಳಕಿಗೆ ಮುಖ ಮಾಡಿ ಕೂತು ಬೀಡಿ ಕಟ್ಟುತ್ತಿದ್ದ ಆಪಾ ತಲೆ ಎತ್ತದೆ ಹೇಳಿದರು. ‘ಹತ್ತು ನಿಮಿಷ.’ ನಾನು 10 ಅಂತ ಬರೆದುಕೊಂಡೆ. ಐದನೇ ಪ್ರಶ್ನೆಗೆ ಹೋಗಬೇಕು ಅನ್ನುವಷ್ಟರಲ್ಲಿ ಅವರೇ ಮಾತು ಮುಂದುವರಿಸಿದರು. ‘ಆದ್ರೆ ನಾನು ಅಲ್ಲಿಗೆ ಹೋಗಿ ಹನ್ನೊಂದು ವರ್ಷ ಆಯ್ತು ಮೇಡಂ. ಚಿಕ್ಕ ಮಗ ಹೊಟ್ಟೇಲಿದ್ದಾಗ ಹೋಗಿದ್ದು.’

ಆ ಮಾತು ಬರೆದುಕೊಳ್ಳಲು ಫಾರಂನಲ್ಲಿ ಜಾಗವೇ ಇರಲಿಲ್ಲ. ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಈ ಬರಹ ಹುಟ್ಟಿದ್ದು ಆ ಅಂಚಿನಿಂದ.

ಸ್ವಲ್ಪ ಹೊತ್ತು ಅವರ ಕೈಗಳನ್ನೇ ನೋಡುತ್ತಾ ಕೂತಿದ್ದೆ. ತೊಡೆಯ ಮೇಲೆ ಮೊರ. ಮೊರದ ಒಂದು ಬದಿಗೆ ನೆನೆಸಿ ಮೆತ್ತಗೆ ಮಾಡಿದ ಎಲೆ, ಇನ್ನೊಂದು ಬದಿಗೆ ಹೊಗೆಸೊಪ್ಪಿನ ಪುಡಿ. ಕತ್ತರಿಯಿಂದ ಎಲೆ ಅಳತೆಗೆ ಕತ್ತರಿಸುತ್ತಾರೆ. ಒಂದು ಚಿಟಿಕೆ ಪುಡಿ ಹಾಕಿ ಸುತ್ತುತ್ತಾರೆ. ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿ ದಾರ ಕಟ್ಟುತ್ತಾರೆ. ಇಷ್ಟೂ ಆಗುವುದು ನಾವು ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ. ಕೂಲಿ ಸಾವಿರದ ಲೆಕ್ಕ. ಸಾವಿರ ಆಗುವ ತನಕ ಅಲ್ಲಿಂದ ಏಳುವ ಹಾಗಿಲ್ಲ. ಹೆಗಲು ಹಿಡಿದುಕೊಂಡಿದೆ, ರಾತ್ರಿ ನಿದ್ದೆ ಬರಲ್ಲ ಅಂದರು. ಡಾಕ್ಟರು ಏನಂದರು ಅಂತ ಕೇಳಿದೆ. ‘ದಿನಾ ಸ್ವಲ್ಪ ವಾಕ್ ಮಾಡಿ, ಗಾಳಿ ಕುಡೀರಿ ಅಂದ್ರು.’

ಮೈಸೂರಿನಲ್ಲಿ ಗಾಳಿ ಕುಡಿಯುವ ಜಾಗಗಳಿಗೆ ಬರವಿಲ್ಲ ಅಂತಲೇ ನಾವೆಲ್ಲ ನಂಬಿದ್ದೇವೆ ಅಲ್ವಾ? ನಾನೂ ನಂಬಿದ್ದೆ.

ಈ ಕೆಲಸಕ್ಕೆ ನಾನು ಬಂದಿದ್ದು ಅವ್ವನಿಂದಾಗಿ. ಮೂರು ವರ್ಷದ ಹಿಂದೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಒಂದು ನರ್ಸಿಂಗ್ ಹೋಂನಲ್ಲಿ ಆಪರೇಷನ್ ಆಯಿತು. ರೂಮಿಗೆ ಕಿಟಕಿ ಇತ್ತು. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ, ಒಂದು ಎಸಿ ಪೆಟ್ಟಿಗೆ, ಅದರಿಂದ ತೊಟ್ಟಿಕ್ಕುವ ನೀರು. ಅವ್ವ ಮಂಡ್ಯ ಕಡೆಯವಳು. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಓಡಾಡಿ ಬೆಳೆದವಳು. ಮಲಗಿದಲ್ಲಿಂದ ಅವಳಿಗೆ ಕಿಟಕಿ ಕಾಣುತ್ತಿರಲಿಲ್ಲ. ದಿನಾ ಕೇಳುತ್ತಿದ್ದಳು, ‘ಆಚೆ ಏನ್ ಕಾಣ್ತದೆ ಮಗ?’ ನಾನು ‘ಗೋಡೆ ಕಣವ್ವ’ ಅನ್ನುತ್ತಿದ್ದೆ. ನಾಲ್ಕನೇ ದಿನ ಕೇಳುವುದನ್ನೇ ಬಿಟ್ಟಳು. ಗೋಡೆ ಕಡೆಗೆ ಮುಖ ತಿರುಗಿಸಿ ಮಲಗತೊಡಗಿದಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಅದೇ ಮಹಡಿಯ ಇನ್ನೊಂದು ಬದಿಯ ರೂಮುಗಳಿಂದ ಒಂದು ದೊಡ್ಡ ಹೊಂಗೆ ಮರ ಕಾಣುತ್ತಿತ್ತು. ಆ ಕಡೆಗೆ ಬದಲಾಯಿಸಿ ಅಂತ ಕೇಳಿದೆ. ಅವು ಡೀಲಕ್ಸ್ ರೂಮುಗಳು, ದಿನದ ಬಾಡಿಗೆ ಜಾಸ್ತಿ ಅಂದರು. ತಮ್ಮನ ಹತ್ತಿರ ದುಡ್ಡು ಕೇಳಿ ಕೊನೆಯ ಎರಡು ದಿನ ಅಲ್ಲಿಗೆ ಹೋದೆವು. ಅವ್ವ ಮರದ ಮೇಲಿನ ಅಳಿಲುಗಳನ್ನು ನೋಡುತ್ತಾ ಮಲಗಿದಳು. ‘ಇದು ಹೂ ಬಿಡೋ ಕಾಲ, ಜೇನ್ನೊಣ ಬರ್ತವೆ ನೋಡು’ ಅಂದಳು. ಎಷ್ಟೋ ದಿನದ ಮೇಲೆ ಅವಳಾಗೇ ಆಡಿದ ಮೊದಲ ಮಾತು ಅದು. ಮರದಿಂದಲೇ ಅವ್ವ ಗುಣವಾದಳು ಅಂತ ನಾನು ಹೇಳಲಾರೆ. ಒಬ್ಬರನ್ನು ನೋಡಿ ಹಾಗೆ ಹೇಳೋಕಾಗುವುದಿಲ್ಲ. ಆದರೆ ಕೆಳಗಿನ ಜನರಲ್ ವಾರ್ಡಿಗೆ ಗೋಡೆ ಕಾಣುವ ಕಿಟಕಿಯೂ ಇರಲಿಲ್ಲ. ಅಲ್ಲಿದ್ದವರ ಮುಖಗಳು ನನ್ನ ತಲೆಯಿಂದ ಹೋಗಲಿಲ್ಲ.

ಮನೆಗೆ ಬಂದ ಮೇಲೆ ಹುಡುಕಿ ಓದತೊಡಗಿದೆ. ಎಲ್ಲರೂ ಮೊದಲು ಹೇಳುವುದು ರೋಜರ್ ಉಲ್ರಿಚ್ ಅವರ ಅಧ್ಯಯನವನ್ನು. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ. 1972ರಿಂದ 1981ರವರೆಗೆ ಅಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ಅವರು ತೆಗೆದು ನೋಡಿದರು. ವಯಸ್ಸು, ತೂಕ, ಬೀಡಿ ಸಿಗರೇಟಿನ ಅಭ್ಯಾಸ ಎಲ್ಲ ಹೊಂದಿಸಿ 23 ಜೋಡಿ ಮಾಡಿದರು. ಜೋಡಿಯಲ್ಲಿ ಒಬ್ಬರಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನೊಬ್ಬರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರಿಗೆ ಜೋರಾದ ನೋವಿನ ಔಷಧಿಗಳೂ ಕಮ್ಮಿ ಬೇಕಾದವು. ಇಟ್ಟಿಗೆ ಗೋಡೆ ಅಂತ ಓದಿದಾಗ ಎಸಿ ಪೆಟ್ಟಿಗೆಯಿಂದ ತೊಟ್ಟಿಕ್ಕುವ ನೀರಿನ ಸದ್ದು ಮತ್ತೆ ಕೇಳಿದ ಹಾಗಾಯಿತು.

ಬರೀ 46 ಜನರ ಲೆಕ್ಕ ಅದು. ಅದಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು 2008ರಲ್ಲಿ ‘ಲ್ಯಾನ್ಸೆಟ್‌’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ರಿಚರ್ಡ್ ಮಿಚೆಲ್ ಮತ್ತು ಫ್ರಾಂಕ್ ಪಾಪ್‌ಹ್ಯಾಮ್ ಅವರ ಅಧ್ಯಯನ. ಇಂಗ್ಲೆಂಡಿನ ನಾಲ್ಕು ಕೋಟಿಗೂ ಹೆಚ್ಚು ಜನರ ಲೆಕ್ಕ. ಬಡವರು ಉಳ್ಳವರಿಗಿಂತ ಬೇಗ ಸಾಯುತ್ತಾರೆ ಅನ್ನುವುದು ಎಲ್ಲ ಕಡೆ ಕಾಣುವ ಸಂಗತಿ. ಅವರು ನೋಡಿದ್ದು ಆ ಅಂತರ ಎಲ್ಲಿ ಎಷ್ಟಿದೆ ಅಂತ. ಹಸಿರು ಜಾಸ್ತಿ ಇರುವ ಜಾಗಗಳಲ್ಲಿ ಅಂತರ ಕಿರಿದಾಗಿತ್ತು, ಹಸಿರು ಕಮ್ಮಿ ಇರುವಲ್ಲಿ ಅಗಲವಾಗಿತ್ತು. ಹಸಿರೊಂದೇ ಅದಕ್ಕೆ ಕಾರಣ ಅಂತ ಇಂಥ ಲೆಕ್ಕದಿಂದ ಸಾಬೀತು ಮಾಡೋಕಾಗಲ್ಲ, ನಿಜ. ಆದರೂ ಯೋಚನೆ ಮಾಡಿ. ಸಂಬಳ ಅದೇ, ಮನೆ ಅಷ್ಟೇ ಚಿಕ್ಕದು, ಸುತ್ತ ಮರ ಇದ್ದರೆ ಆಯಸ್ಸಿನ ಲೆಕ್ಕ ಬೇರೆಯಾಗಬಹುದು. ಹಾಗಿದ್ದರೆ ಊರಲ್ಲಿ ಮರ ಯಾರ ಪಾಲಿಗೆ ಎಷ್ಟು ಬಂದಿದೆ ಅಂತ ಲೆಕ್ಕ ಹಾಕಬೇಕಲ್ಲವೇ?

ಅದೇ ಪ್ರಶ್ನೆ ಹಿಡಿದು ನಾವು ನಾಲ್ಕು ಜನ ಒಂದು ಸಣ್ಣ ಅಧ್ಯಯನ ಶುರು ಮಾಡಿದೆವು. ಮೊದಲು ನಕ್ಷೆ ಬಿಡಿಸಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಹೇಳುವ ಒಂದು ಸರಳ ಅಳತೆ ಇದೆ: ಮನೆಯಿಂದ 300 ಮೀಟರ್ ಒಳಗೆ ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರಿನ ಹಸಿರು ಜಾಗ ಇರಬೇಕು. ಐದು ನಿಮಿಷದ ನಡಿಗೆ. ನಾವೂ ಪ್ರತಿ ಪಾರ್ಕಿನ ಸುತ್ತ 300 ಮೀಟರಿನ ವೃತ್ತ ಎಳೆದೆವು. ದೊಡ್ಡ ಹಸಿರು ಹೆಚ್ಚಾಗಿ ಊರಿನ ಪಶ್ಚಿಮಕ್ಕೆ, ದಕ್ಷಿಣಕ್ಕೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕುಕ್ಕರಹಳ್ಳಿ ಕೆರೆ, ಆಚೆಗೆ ಲಿಂಗಾಂಬುಧಿ, ಬೆಟ್ಟದ ತಪ್ಪಲಲ್ಲಿ ಕಾರಂಜಿ, ಮತ್ತೆ ಚಾಮುಂಡಿ ಬೆಟ್ಟವೇ. ಉತ್ತರದ ಮೊಹಲ್ಲಾಗಳಿಗೆ ಇವೆಲ್ಲ ಬಸ್ ಹತ್ತಿ ಹೋಗಬೇಕಾದಷ್ಟು ದೂರ. ಅಲ್ಲಿಗೆ ಸಿಕ್ಕಿರುವುದು ಸಣ್ಣ ಸಣ್ಣ ಪಾರ್ಕು.

ನಕ್ಷೆಯಲ್ಲಿ ಕಂಡಿದ್ದು ಇಷ್ಟು. ಫಾರಂ ಹಿಡಿದು ಮನೆ ಮನೆಗೆ ಹೋದ ಮೇಲೆ ನಕ್ಷೆಯ ವೃತ್ತಗಳು ಒಂದೊಂದಾಗಿ ಕರಗತೊಡಗಿದವು.

ಮೊದಲನೆಯದು ವೇಳೆ. ನಾವು ನೋಡಿದ ಎಷ್ಟೋ ಪಾರ್ಕುಗಳ ಗೇಟು ತೆರೆಯುವುದು ಬೆಳಗ್ಗೆ, ಆಮೇಲೆ ಸಂಜೆ. ಮಧ್ಯೆ ಬೀಗ. ಬೆಳಗ್ಗೆ ಆರರಿಂದ ಒಂಬತ್ತು ಅಂದರೆ ನಲ್ಲಿ ನೀರು ಹಿಡಿಯುವ ಹೊತ್ತು, ತಿಂಡಿ ಮಾಡಿ ಮಕ್ಕಳನ್ನು ಸ್ಕೂಲಿಗೆ ಕಳಿಸುವ ಹೊತ್ತು. ಮನೆಕೆಲಸಕ್ಕೆ ಹೋಗುವವರು ಆಗಲೇ ಎರಡನೇ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಸಂಜೆ ಮತ್ತೆ ಅದೇ ಕಥೆ. ಇವರಿಗೆ ಸ್ವಲ್ಪ ಬಿಡುವು ಸಿಗುವುದು ಮಧ್ಯಾಹ್ನ ಎರಡರಿಂದ ನಾಲ್ಕು. ಏಪ್ರಿಲ್ ತಿಂಗಳಲ್ಲಿ ಶೀಟಿನ ಮನೆಯೊಳಗೆ ಕೂರಲಾಗದ ಹೊತ್ತು ಅದು. ಸರಿಯಾಗಿ ಆಗಲೇ ಗೇಟಿಗೆ ಬೀಗ. ಒಳಗೆ ಮಳೆಮರದ ನೆರಳು ಯಾರೂ ಇಲ್ಲದೆ ಬಿದ್ದಿರುತ್ತದೆ. ನಾನು ಒಂದು ಮಧ್ಯಾಹ್ನ ಅಂಥ ಗೇಟಿನ ಹೊರಗೆ ನಿಂತು ನೋಡಿದೆ. ಕಾಂಪೌಂಡಿನಿಂದ ಹೊರಕ್ಕೆ ಚಾಚಿದ ಕೊಂಬೆಯ ನೆರಳಲ್ಲಿ, ಫುಟ್‌ಪಾತಿನ ಮೇಲೆ, ಒಬ್ಬ ಸೌತೆಕಾಯಿ ಮಾರುವ ಅಜ್ಜಿ ಮಗ್ಗುಲಾಗಿ ಮಲಗಿದ್ದರು. ಗೋಡೆಯ ಆಚೆ ಕಲ್ಲು ಬೆಂಚು ಖಾಲಿ ಇತ್ತು.

ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೀಗ ಹಾಕುವವರಿಗೆ ಅವರದೇ ಕಾರಣಗಳಿವೆ. ಕುಡುಕರು ಬರುತ್ತಾರೆ, ಹುಡುಗ ಹುಡುಗಿಯರು ಬರುತ್ತಾರೆ, ಗಿಡ ಹಾಳಾಗುತ್ತದೆ. ಆದರೆ ಆ ಕಾರಣಗಳಿಗೆ ಬೆಲೆ ಕೊಡುತ್ತಿರುವವರು ಯಾರು ಅಂತ ಯಾರೂ ಕೇಳಲಿಲ್ಲ.

ಎರಡನೆಯದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಒಬ್ಬರು ಪೌರಕಾರ್ಮಿಕ ಅಕ್ಕನ ಹತ್ತಿರ ಹೊಸದಾದ ಬಡಾವಣೆಯೊಂದರ ಪಾರ್ಕಿನಲ್ಲಿ ಮಾತಾಡಿದೆ. ‘ಪಾರ್ಕಿಗೆ ವಾರಕ್ಕೆ ಎಷ್ಟು ಸಲ ಬರ್ತೀರಿ’ ಅಂತ ಫಾರಂನ ಪ್ರಶ್ನೆ. ‘ದಿನಾ ಬರ್ತೀನಿ ಕಣಮ್ಮ, ಗುಡಿಸಕ್ಕೆ’ ಅಂದರು. ಕೂರುತ್ತೀರಾ ಅಂತ ಕೇಳಿದೆ. ಪೊರಕೆಯನ್ನು ಮರಕ್ಕೆ ಒರಗಿಸಿ ಸುತ್ತ ಒಮ್ಮೆ ನೋಡಿದರು. ‘ಕೂತ್ರೆ ಯಾರಾದ್ರೂ ಫೋಟೋ ಹೊಡೀತಾರೆ. ಕೆಲಸ ಮಾಡಲ್ಲ ಅಂತ ಗ್ರೂಪಿಗೆ ಹಾಕ್ತಾರೆ. ಹೋದ ಸಲ ಹಂಗೇ ಆಗಿ ಮೇಸ್ತ್ರಿ ಬೈದ.’ ನಮ್ಮ ಲೆಕ್ಕದಲ್ಲಿ ಇವರು ‘ದಿನವೂ ಹಸಿರಿನ ಸಂಪರ್ಕ ಇರುವವರು’. ಕಂಪ್ಯೂಟರಿನಲ್ಲಿ ಅತಿ ಹೆಚ್ಚು ಅಂಕ ಬಿದ್ದಿದ್ದು ಇವರಿಗೇ. ಆ ಅಂಕವನ್ನು ನಾನು ಅಳಿಸಿ ಹಾಕಿದೆ. ಗುಂಪಿನಲ್ಲಿ ಅದಕ್ಕೆ ಜಗಳವೇ ಆಯಿತು. ಉತ್ತರ ಬದಲಾಯಿಸಬಾರದು ಅಂದರು. ಸರಿ, ಉತ್ತರ ಅವರದೇ ಇರಲಿ, ನಮ್ಮ ಪ್ರಶ್ನೆ ಬದಲಾಗಬೇಕು ಅಂತ ನಾನು ಹಟ ಹಿಡಿದೆ.

ಶೌಚಾಲಯದ ಮಾತನ್ನೂ ಬಿಡುವ ಹಾಗಿಲ್ಲ. ಸಕ್ಕರೆ ಕಾಯಿಲೆ ಇರುವ ಹೆಂಗಸರು ನೇರವಾಗಿ ಹೇಳಿದರು: ಹೋಗಿ ಬರುವ ತನಕ ತಡೆದುಕೊಳ್ಳೋಕಾಗಲ್ಲ, ಅದಕ್ಕೇ ಹೋಗಲ್ಲ. ಮಂಡಿ ನೋವಿನವರಿಗೆ ನೂರು ಹೆಜ್ಜೆಗೊಂದು ಕೂರುವ ಜಾಗ ಬೇಕು. ಅವ್ವನಿಗೆ ಈಗಲೂ ಬೇಕು. ಇನ್ನು ಟಿಕೆಟ್ಟು. ಕಾರಂಜಿ ಕೆರೆಗೆ ಪ್ರವೇಶ ಶುಲ್ಕ ಇದೆ. ಕೆರೆ ನೋಡಿಕೊಳ್ಳಲು ದುಡ್ಡು ಬೇಕು, ಒಪ್ಪುತ್ತೇನೆ. ಐದಾರು ಜನರ ಮನೆಗೆ ಟಿಕೆಟ್ಟಿನ ಜೊತೆ ಆಟೋ ಚಾರ್ಜೂ ಸೇರಿದರೆ ಅದು ವರ್ಷಕ್ಕೊಮ್ಮೆ ದಸರಾಕ್ಕೆ ಹೋಗುವ ಜಾಗವಾಗುತ್ತದೆ. ವರ್ಷಕ್ಕೊಮ್ಮೆ ಹೋದರೆ ಸಂತೋಷವೇನೋ ಆಗುತ್ತದೆ, ಹೆಗಲು ನೋವು ಇಳಿಯುವುದಿಲ್ಲ. 2019ರಲ್ಲಿ ಮ್ಯಾಥ್ಯೂ ವೈಟ್ ಮತ್ತು ಜೊತೆಗಾರರು ಇಂಗ್ಲೆಂಡಿನ ಸುಮಾರು 20,000 ಜನರ ಉತ್ತರಗಳನ್ನು ನೋಡಿ, ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳುವುದು ಹೆಚ್ಚು ಅಂತ ಬರೆದರು. ವಾರಕ್ಕೆ ಎರಡು ಗಂಟೆ. ಆಪಾಗೆ ಎರಡು ಗಂಟೆ ಅಂದರೆ ಎಷ್ಟು ಬೀಡಿ, ಎಷ್ಟು ಕೂಲಿ ಅಂತ ನೀವೇ ಲೆಕ್ಕ ಹಾಕಿ.

ಮೈಸೂರು ಸೀಮೆಯಲ್ಲಿ ಇದರ ಇನ್ನೂ ಕಠಿಣವಾದ ರೂಪವೂ ಇದೆ. ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿನ ದಂಡೆಯಲ್ಲಿ, ದಣಿದ ಮನಸ್ಸಿಗೆ ಕಾಡಿನ ಶಾಂತಿ ಬೇಕು ಅನ್ನುವವರಿಗೆ ರೆಸಾರ್ಟ್‌ಗಳಿವೆ. ಅದೇ ಕಾಡಿನೊಳಗೆ ತಲೆಮಾರುಗಳಿಂದ ಇದ್ದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಎಷ್ಟೋ ಈಗ ಕಾಡಿನ ಹೊರಗಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅವರ ಅಲೆದಾಟ ಮುಗಿದಿಲ್ಲ. ಅದನ್ನು ಒಂದು ಪ್ಯಾರಾದಲ್ಲಿ ಹೇಳಿ ಮುಗಿಸುವುದು ತಪ್ಪಾಗುತ್ತದೆ. ಬೇರೆಯಾಗಿಯೇ ಬರೆಯುತ್ತೇನೆ.

ಗಾಳಿ ಬೆಳಕು ಔಷಧಿ ಅಂತ ಈ ಊರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 1898ರ ಹೊತ್ತಿಗೆ ಇಲ್ಲಿಗೆ ಪ್ಲೇಗ್ ಬಂತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡು ಇದ್ದರು. ಆ ಪೆಟ್ಟಿನ ಮೇಲೆ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ನಾವು ಹೆಮ್ಮೆಪಡುವ ಅಗಲ ರಸ್ತೆಗಳು, ಸಾಲು ಮರಗಳು, ಕಸ, ಕೊಳಚೆ ಸಾಗಿಸಲು ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ಎಲ್ಲದರ ಹಿಂದೆ ಆ ಭಯ ಇದೆ. ಕೆ.ಆರ್.ಎಸ್. ರಸ್ತೆಯ ಪಿ.ಕೆ.ಟಿ.ಬಿ. ಸ್ಯಾನಿಟೋರಿಯಂ ಅನ್ನೂ ನೋಡಿ. ನಾಲ್ವಡಿಯವರ ಸಹೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಊರಿನಿಂದ ಆಚೆ, ಮರಗಳ ನಡುವೆ ಆ ಆಸ್ಪತ್ರೆ ಬಂತು. ಕ್ಷಯಕ್ಕೆ ಮಾತ್ರೆ, ಇಂಜೆಕ್ಷನ್ ಇಲ್ಲದ ಕಾಲ ಅದು. ಕ್ಷಯ ಗುಣಮಾಡುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದಿದ್ದು 1943ರಲ್ಲಿ. ಅದಕ್ಕೆ ಮೊದಲು ವೈದ್ಯರ ಕೈಯಲ್ಲಿದ್ದ ಔಷಧಿ ಅಂದರೆ ಒಳ್ಳೆ ಗಾಳಿ, ಬಿಸಿಲು, ಊಟ, ವಿಶ್ರಾಂತಿ. ರೋಗಿ ಗಾಳಿಯ ಹತ್ತಿರ ಹೋಗಿ ಮಲಗಲು ಒಂದು ಜಾಗ ಇರಬೇಕು ಅಂತ ಆಗ ಯೋಚಿಸಿದರು. ನನಗೆ ಅದು ತುಂಬಾ ದೊಡ್ಡ ಯೋಚನೆ ಅನ್ನಿಸುತ್ತದೆ.

ಕೆ.ಆರ್. ಆಸ್ಪತ್ರೆ ಕಾಂಪೌಂಡಿನಲ್ಲಿ ಯಾವತ್ತಾದರೂ ಸುಮ್ನೆ ನಿಂತು ನೋಡಿದ್ದೀರಾ? ರೋಗಿಗಳ ಜೊತೆ ಬಂದವರು ಮರಗಳ ಕೆಳಗೆ ಟವೆಲ್ ಹಾಸಿಕೊಂಡು ಕೂತಿರುತ್ತಾರೆ. ಊರಿಂದ ಬುತ್ತಿ ಬಂದಿರುತ್ತದೆ. ಪಕ್ಕದವರ ಹತ್ತಿರ ‘ನಿಮ್ಮೋರಿಗೆ ಏನಾಗದೆ’ ಅಂತ ಕೇಳಿ, ತಮ್ಮದನ್ನೂ ಹೇಳಿಕೊಳ್ಳುತ್ತಾರೆ. ಅಲ್ಲಿ ಡೀಲಕ್ಸ್ ನೆರಳು, ಜನರಲ್ ನೆರಳು ಅಂತ ಇಲ್ಲ.

ಹಾಗಾದರೆ ಏನು ಮಾಡಬಹುದು ಅಂತ ಕೇಳುವವರಿಗೆ ನಾನು ಫಿಲಡೆಲ್ಫಿಯಾದ ಕೆಲಸ ಹೇಳುತ್ತೇನೆ. ಯುಜೀನಿಯಾ ಸೌತ್ ಅನ್ನುವ ವೈದ್ಯೆ ಮತ್ತು ಜೊತೆಗಾರರು ಆ ನಗರದ 541 ಖಾಲಿ ಸೈಟುಗಳನ್ನು ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಕಸ ತೆಗೆದು, ಹುಲ್ಲು ಹಾಕಿ, ಒಂದೆರಡು ಮರ ನೆಟ್ಟು, ಒಳಗೆ ಹೋಗಲು ದಾರಿ ಬಿಟ್ಟು ಸಣ್ಣ ಬೇಲಿ ಕಟ್ಟಿದರು. ಇನ್ನೊಂದು ಪಾಲಿನಲ್ಲಿ ಬರೀ ಕಸ ತೆಗೆದರು. ಮೂರನೆಯದನ್ನು ಹಾಗೇ ಬಿಟ್ಟರು. 2018ರಲ್ಲಿ ಫಲಿತಾಂಶ ಬಂತು. ಹಸಿರು ಮಾಡಿದ ಸೈಟುಗಳ ಸುತ್ತ ಇರುವವರಲ್ಲಿ, ಏನೂ ಮಾಡದ ಕಡೆಯವರಿಗೆ ಹೋಲಿಸಿದರೆ, ಮನಸ್ಸು ಕುಗ್ಗಿದೆ ಅನ್ನುವವರ ಪ್ರಮಾಣ ಶೇ. 41.5ರಷ್ಟು ಇಳಿದಿತ್ತು. ಬಡವರೇ ಇರುವ ಕೇರಿಗಳಲ್ಲಿ ಈ ಇಳಿಕೆ ಇನ್ನೂ ಜಾಸ್ತಿ. ಬರೀ ಕಸ ತೆಗೆದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ನಮ್ಮ ಬಡಾವಣೆಗಳ ಖಾಲಿ ಸೈಟುಗಳನ್ನು ನೆನೆಸಿಕೊಳ್ಳಿ. ಎದೆ ಎತ್ತರ ಪಾರ್ಥೇನಿಯಂ, ಕಟ್ಟಡ ಒಡೆದ ಕಲ್ಲು ಮಣ್ಣು, ಪ್ಲಾಸ್ಟಿಕ್ ಚೀಲ. ದೊಡ್ಡ ಪಾರ್ಕು ಆಗುವ ತನಕ ಕಾಯಬೇಕಾಗಿಲ್ಲ. ಗಲ್ಲಿಯ ಕೊನೆಯಲ್ಲಿ ಒಂದು ಸೈಟು, ಎರಡು ಬೇವಿನ ಮರ, ಒಂದು ಕಲ್ಲು ಬೆಂಚು, ಬೀಗ ಇಲ್ಲದ ಗೇಟು. ಮೊರ ಹಿಡಿದುಕೊಂಡು ಬಂದು ಕೂತು ಬೀಡಿ ಕಟ್ಟಿದರೂ ಯಾರೂ ಏಳಿ ಅನ್ನಬಾರದು. ಜಾಗ ಇಲ್ಲದಿದ್ದರೂ ಜನ ಹಸಿರು ಬಿಟ್ಟಿಲ್ಲ ಅನ್ನುವುದೂ ಗೊತ್ತಿರಲಿ. ದಿವ್ಯಾ ಗೋಪಾಲ್ ಮತ್ತು ಹರಿಣಿ ನಾಗೇಂದ್ರ ಬೆಂಗಳೂರಿನ 44 ಸ್ಲಮ್‌ಗಳಲ್ಲಿ ಗಿಡಮರಗಳ ಬಗ್ಗೆ ಮಾಡಿದ ಅಧ್ಯಯನ 2014ರಲ್ಲಿ ಬಂತು. ಆ ಇಕ್ಕಟ್ಟಿನಲ್ಲೂ ಜನ ಅಡುಗೆಗೆ, ಮದ್ದಿಗೆ, ಪೂಜೆಗೆ ಬೇಕಾದ ಗಿಡಗಳನ್ನು ಬೆಳೆಸಿಕೊಂಡಿದ್ದರು. ನಮ್ಮ ಆಪಾ ಮನೆ ಮುಂದೆಯೂ ಒಡೆದ ಬಕೆಟ್ಟಿನಲ್ಲಿ ಪುದೀನ ಇದೆ. ಬೀಡಿ ಎಲೆ ನೆನೆಸಿ ಉಳಿದ ನೀರು ಅದಕ್ಕೆ ಹಾಕಬಾರದಂತೆ, ಬೇರೆ ನೀರೇ ಬೇಕಂತೆ.

ನಾಲ್ಕನೇ ಪ್ರಶ್ನೆಯನ್ನು ಕೊನೆಗೂ ಬದಲಾಯಿಸಿದೆವು. ಈಗ ಅದು ಹೀಗಿದೆ: ‘ನೀವು ಕೊನೆಯ ಸಲ ಒಂದು ಮರದ ಕೆಳಗೆ ಯಾವ ಕೆಲಸವೂ ಇಲ್ಲದೆ ಕೂತಿದ್ದು ಯಾವಾಗ, ಎಲ್ಲಿ?’ ಉತ್ತರ ಬರೆಯಲು ಅರ್ಧ ಪುಟ ಬಿಟ್ಟಿದ್ದೇವೆ. ಹೋದ ತಿಂಗಳು ಹೊಸ ಫಾರಂ ಹಿಡಿದು ಮತ್ತೆ ಅದೇ ಗಲ್ಲಿಗೆ ಹೋದೆ. ಮಳೆ ಬಂದು ನಿಂತಿತ್ತು. ಆಪಾ ಅದೇ ಜಾಗದಲ್ಲಿ ಕೂತಿದ್ದರು.

ಪ್ರಶ್ನೆ ಓದಿದೆ. ಈ ಸಲ ಅವರು ಕತ್ತರಿ ಕೆಳಗಿಟ್ಟರು.

‘ದೊಡ್ಡ ಮಗಳ ಹೆರಿಗೆ ಆಯ್ತಲ್ಲ, ಆಗ. ಆಸ್ಪತ್ರೆ ಕಾಂಪೌಂಡಲ್ಲಿ. ಒಳಗೆ ಬಿಡಲ್ಲ ಅಂದ್ರು. ಮೂರು ದಿನ ಹೊರಗೆ ಮರದ ಕೆಳಗೇ ಇದ್ದೆ. ಬೀಡಿ ಇರ್ಲಿಲ್ಲ, ಅಡುಗೆ ಇರ್ಲಿಲ್ಲ. ಮೇಲೆ ಗಿಳಿ ಇತ್ತು, ಸುಮಾರು ಇತ್ತು. ಸಂಜೆ ಆದ್ರೆ ಏನ್ ಗಲಾಟೆ ಮಾಡೋವು!’

ಮರ ಎಷ್ಟು ಎತ್ತರ ಇತ್ತು ಅಂತ ತೋರಿಸಲು ಕೈ ಎತ್ತಿದರು. ಹೆಗಲು ಹಿಡಿದಿದ್ದರಿಂದ ಕೈ ಅರ್ಧಕ್ಕೇ ನಿಂತಿತು. ಇನ್ನೊಂದು ಕೈಯಿಂದ ಹೆಗಲನ್ನು ಒತ್ತಿಕೊಂಡು, ಕಣ್ಣಿನಿಂದಲೇ ಮೇಲೆ ತೋರಿಸಿದರು. ‘ಇಷ್ಟಲ್ಲ, ಇನ್ನೂ ಮೇಲೆ. ಬರಕೊಳ್ಳಿ.’

ಬರೆದುಕೊಂಡೆ.